ಎಡರಟ್ಟೆಯೊಂದಿಗೆ ಒಂದು ಎಡವಟ್ಟು ಮಾತುಕತೆ

ಗೇಟಿನ ತುಕ್ಕು ಹಿಡಿದ ತಂತಿ ತರಚಿದ್ದು ಬಲಗಾಲಿಗೆ. ಟಿಟಿ ಚುಚ್ಚಿಸಿಕೊಂಡದ್ದು ಎಡರಟ್ಟೆಗೆ. ಕಾಲಿನ ಗಾಯ ಮೂರೇ ದಿನದಲ್ಲಿ ಒಣಗಿತು. ರಟ್ಟೆ ಮಾತ್ರ ಐದನೇ ದಿನವೂ ಮುನಿಸಿಕೊಂಡೇ ಇತ್ತು. ರಾತ್ರಿ ಎರಡು ಗಂಟೆಗೆ ಎಡಮಗ್ಗುಲಿಗೆ ಹೊರಳಿದವನನ್ನು ಅದೇ ಎಬ್ಬಿಸಿ ಕೂರಿಸಿತು. ಹೇಗೂ ನಿದ್ದೆಯಿಲ್ಲ, ಒಂದು ಸಂದರ್ಶನವಾದರೂ ಆಗಲಿ ಎಂದುಕೊಂಡೆ.

ನಾನು: ನಮಸ್ಕಾರ.

ರಟ್ಟೆ: ಅದಕ್ಕೆ ಎರಡು ಕೈ ಬೇಕು ಸ್ವಾಮಿ. ಬಲಗೈ ಒಂದೇ ಮಾಡಿದರೆ ಸಲಾಂ ಆಗುತ್ತೆ.

ನಾನು: ಗಾಯವಾದದ್ದು ಕಾಲಿಗೆ. ನರಳುವುದು ನೀವು?

ರಟ್ಟೆ: ನಮ್ಮ ಮನೆತನಕ್ಕೆ ಇದು ಹೊಸದೇನಲ್ಲ. ನಿಮ್ಮ ಬಿಸಿಜಿ ಗುರುತು ಎಲ್ಲಿದೆ? ನಿಮ್ಮಜ್ಜಿಗೆ ಮೈಲಿ ಹಾಕಿದ ಕಲೆ ಎಲ್ಲಿತ್ತು? ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಮೈಸೂರಿನ ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ರಾಣಿ ಸೀರೆ ಸರಿಸಿ ನಿಂತಿದ್ದಾಳೆ. ಸಿಡುಬಿನ ಲಸಿಕೆಯ ಪ್ರಚಾರಕ್ಕೇ ಬರೆಸಿದ ಚಿತ್ರ ಅದು ಅಂತ ಕೆಲವು ಇತಿಹಾಸಕಾರರ ವಾದ. ಆಕೆ ತೋರಿಸಿದ್ದೂ ರಟ್ಟೆಯನ್ನೇ, ಕಾಲನ್ನಲ್ಲ.

ನಾನು: ಅರ್ಧ ಮಿಲಿ ಔಷಧಿಗೆ ಇಷ್ಟೊಂದು ರಂಪವೇ?

ರಟ್ಟೆ: ಆ ಅರ್ಧ ಮಿಲಿಯಲ್ಲಿ ಚಿಟಿಕೆಗೂ ಕಡಿಮೆ ಅಲ್ಯುಮಿನಿಯಂ ಲವಣ ಇರುತ್ತೆ. 1926ರಲ್ಲಿ ಗ್ಲೆನಿ ಎಂಬ ಇಂಗ್ಲಿಷಿನವನು ಕಂಡುಕೊಂಡ ಉಪಾಯ. ಅದು ನನ್ನ ಸ್ನಾಯುವಿನಲ್ಲಿ ಕೂತು ವಾಲಗ ಊದುತ್ತೆ, ಮೈಯ ಬಿಳಿ ರಕ್ತಕಣಗಳೆಲ್ಲ ಓಡಿಬರ್ತವೆ. ನೆಂಟರು ತುಂಬಿದ ಮನೆ ಹೇಗಿರುತ್ತೆ? ಬಿಸಿ, ಕೆಂಪು, ಊತ. ಎರಡು ಮೂರು ದಿನ ಇದ್ದು ಹೊರಡ್ತಾರೆ.

ನಾನು: ಇವತ್ತಿಗೆ ಐದಾಯಿತು.

ರಟ್ಟೆ: ಆ ದಿನ ಯಾವ ಅಂಗಿ ಹಾಕಿದ್ರಿ? ತುಂಬುತೋಳಿನದು, ಇಸ್ತ್ರಿ ಮಾಡಿದ್ದು. ತೋಳು ಮಡಚಿದ್ರೆ ಮೊಣಕೈ ದಾಟಲಿಲ್ಲ. ಗುಂಡಿ ಬಿಚ್ಚಲು ನಾಚಿಕೆ. ಎರಡು ಗುಂಡಿ ಸಡಿಲಿಸಿ ಕಾಲರನ್ನು ಎಳೆದು ಭುಜದ ತುದಿ ತೋರಿಸಿದ್ರಿ. ಹಿಂದೆ ಹತ್ತು ಜನ ಕಾಯ್ತಿದ್ರು, ನರ್ಸಮ್ಮ ಕಂಡಲ್ಲೇ ಚುಚ್ಚಿದರು. ಭುಜದ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ ನನ್ನ ದಪ್ಪ ಸ್ನಾಯು ಇದೆ, ಚುಚ್ಚಬೇಕಾದದ್ದು ಅಲ್ಲಿ. ಸಾಲದ್ದಕ್ಕೆ ನೀವು ಹಲ್ಲು ಕಚ್ಚಿ ನನ್ನನ್ನು ಕಲ್ಲು ಮಾಡಿಟ್ಟಿದ್ರಿ.

ನಾನು: ಅತ್ತೆಯವರು ಅರಿಶಿನ ಅಂದರು, ಬಾಮೈದ ಎಣ್ಣೆ ಹಚ್ಚಿ ಗಸಗಸ ತಿಕ್ಕು ಅಂದ.

ರಟ್ಟೆ: ತಿಕ್ಕಿದಾಗ ಕಿರುಚಿದ್ದು ಯಾರಂತೆ? ತಣ್ಣೀರ ಬಟ್ಟೆ ಸಾಕು. ತಡೆಯಲಾಗದಿದ್ದರೆ, ನಿಮಗೆ ಆಗಿಬರೋದಾದ್ರೆ, ಒಂದು ಪ್ಯಾರಸಿಟಮಾಲ್. ಆಮೇಲೆ ನನ್ನನ್ನು ಆಡಿಸಿ. ಗೋಡೆ ಮೇಲೆ ಬೆರಳುಗಳನ್ನು ಹಲ್ಲಿಯ ಹಾಗೆ ಮೆಲ್ಲಗೆ ಹತ್ತಿಸಿ, ಇಳಿಸಿ.

ನಾನು: ವಿಶ್ರಾಂತಿ ಬೇಡವೇ?

ರಟ್ಟೆ: ಐದು ದಿನದಿಂದ ನಡೀತಿರೋದು ಅದೇ ತಾನೆ! ಹೆಂಡತಿ ಕಾಯಿ ತುರಿದುಕೊಡಿ ಅಂದರೆ 'ಅಯ್ಯೋ ರಟ್ಟೆ'. ಬಟ್ಟೆ ಒಣಹಾಕಿ ಅಂದರೆ 'ಅಯ್ಯೋ ರಟ್ಟೆ'. ಅದೇ ಕೈಯಲ್ಲಿ ಮೊಬೈಲ್ ಹಿಡಿದು ಇಪ್ಪತ್ತು ಓವರ್ ನೋಡುವಾಗ ರಟ್ಟೆಯ ಹೆಸರೇ ಇಲ್ಲ. ರಜೆ ನನ್ನ ಹೆಸರಲ್ಲಿ, ಮಜಾ ನಿಮ್ಮದು.

(ಈ ಭಾಗವನ್ನು ಅಚ್ಚಿಗೆ ಕೊಡಬಾರದು ಎಂದಿದ್ದೆ. ಹೆಂಡತಿ ಓದಿಯಾಗಿತ್ತು.)

ನಾನು: ಯಾವಾಗ ಹೆದರಬೇಕು?

ರಟ್ಟೆ: ಸೂಜಿ ತೀರಾ ಮೇಲೆ ಹೋದರೆ ಭುಜದ ಕೀಲಿನ ಹತ್ತಿರದ ನೀರಿನ ಚೀಲಕ್ಕೆ ತಗಲಬಹುದು. ಹಾಗಾದರೆ ನೋವು ಒಂದೆರಡು ದಿನದೊಳಗೇ ಶುರುವಾಗಿ ವಾರಗಟ್ಟಲೆ ಬಿಡಲ್ಲ. ತಲೆ ಬಾಚಲೂ ಕೈ ಏಳಲ್ಲ. ವಾರ ಕಳೆದರೂ ನಾನು ಏಳದಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಜ್ವರ ಬಂದು ಕೆಂಪು ಹರಡುತ್ತಿದ್ದರೆ, ಬೆರಳು ಜೋಮು ಹಿಡಿದರೆ, ವಾರ ಕಾಯಬೇಡಿ.

ನಾನು: ಈಗ ಎಷ್ಟು ಏಳ್ತೀರಿ?

ರಟ್ಟೆ: ನಿನ್ನೆ ಕಿವಿಯವರೆಗೆ. ಇವತ್ತು ಅಟ್ಟದ ಮೇಲಿನ ಡಬ್ಬಿ ಮುಟ್ಟಿದೆ. ಚಕ್ಕುಲಿ ಡಬ್ಬಿ ಅಂತ ತಾನೆ ನೋವು ಮರೆತದ್ದು?

ನಾನು: ಮುಂದಿನ ಟಿಟಿಗೆ ಏನಾದರೂ ಬೇಡಿಕೆ?

ರಟ್ಟೆ: ಇನ್ನು ಹತ್ತು ವರ್ಷ ಇದೆಯಲ್ಲ. ಅರ್ಧ ತೋಳಿನ ಅಂಗಿ ಹಾಕಿಕೊಂಡು ಬನ್ನಿ. ಬಲರಟ್ಟೆಗೂ ಒಂದು ಅವಕಾಶ ಕೊಡಿ.