ಮೊದಲು ಪೈಪಿನ ಮಾತು

ಮಲ್ಲೇಶ್ವರದ ಅಡ್ಡರಸ್ತೆಯೊಂದರ ಹಳೇ ಅಪಾರ್ಟ್‌ಮೆಂಟು. ಹುಟ್ಟಿದ್ದು 1986. ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಹನ್ನೆರಡು ಮನೆ. ಅದರಲ್ಲಿ ಏಳು ಈಗ ಒಬ್ಬನೇ ಇನ್ವೆಸ್ಟರ್ ಕೈಯಲ್ಲಿ, ಏಳಕ್ಕೂ ಬೀಗ. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಮಾತಿಗೆ ಸಿಕ್ಕಿತು.

ನಾನು: ಪೋರ್ಟ್‌ಫೋಲಿಯೊ ಸೇರಿದಿರಂತೆ. ಜೊತೆಗೆ ಬಸವನಗುಡಿಯವರೊಬ್ಬರು, ಜಯನಗರದವರಿಬ್ಬರು. ಅಭಿನಂದನೆ!

ಕಟ್ಟಡ: ಅಭಿನಂದನೆ ಹಾಳಾಗಲಿ, ಹಿಂದುಗಡೆ ಬಂದು ಸ್ಯಾನಿಟರಿ ಪೈಪು ನೋಡು. ಎರಡನೇ ಮಹಡಿ ಹತ್ತಿರ ಸೀಳಿಬಿಟ್ಟಿದೆ. ಮನೆ ಕೈಬದಲಾದಾಗಲೆಲ್ಲ ಮುಂದುಗಡೆ ಬಣ್ಣ. ಹಳದಿ ಆಯ್ತು, ಕೆನೆಬಣ್ಣ ಆಯ್ತು, ಈಗ ಬೂದಿ. ಹಿಂದುಗಡೆ ತೊಟ್ಟಿಕ್ಕೋದು ತೊಟ್ಟಿಕ್ಕುತ್ತಲೇ ಇದೆ.

ನಾನು: ಟೆರೇಸಿನ ಬೀಗದ ಕೈ ಯಾರ ಹತ್ತಿರ ಇದೆ?

ಕಟ್ಟಡ: ಏನು?

ನಾನು: ಏಪ್ರಿಲ್ ಬಿಸಿಲು ದಂಡವಾಗುತ್ತಿದೆ. ಬೆಂಗಳೂರಿನ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವನ್ನೂ ಕೊಂದದ್ದು ಟೆರೇಸಿನ ಬೀಗ. ಟೆರೇಸು ಎಲ್ಲರಿಗೂ ಸೇರಿದ್ದಲ್ಲವೇ?

ಕಟ್ಟಡ: ಅವನ ಹತ್ತಿರವೇ ಇರಬೇಕು. ನೀನು ಪೈಪಿಗೆ ಬಾ.

ನಾನು: ಸಂಪು ಸೋರುತ್ತಿದೆ, ಇ-ಖಾತೆ ಇನ್ನೂ ಆಗಿಲ್ಲ ಅಂತಲೂ ಕೇಳಿದೆ.

ಕಟ್ಟಡ: ಸೋರಲಿ ಬಿಡು. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವಲ್ಲ, ಐದರಲ್ಲಿ ಒಂದಾದರೂ ನನ್ನ ಪೈಪನ್ನು ತಿರುಗಿ ನೋಡಿತಾ?

ನಾನು: ಏಳು ಮನೆ ಕೊಂಡು ಬಾಡಿಗೆಗೂ ಕೊಡದಿದ್ದರೆ ಅವನಿಗೇನು ಲಾಭ?

ಕಟ್ಟಡ: ಮನೆ ಯಾರಿಗೆ ಬೇಕು? ನೋಡೋಕೆ ಬಂದವನು ಒಂದು ನಲ್ಲಿ ತಿರುಗಿಸಲಿಲ್ಲ, ಕಿಟಕಿ ತೆಗೆಯಲಿಲ್ಲ. ಕ್ರಯಪತ್ರದಲ್ಲಿ ಯುಡಿಎಸ್, ಅಂದರೆ ಮನೆಯ ಪಾಲಿನ ನೆಲ, ಎಷ್ಟು ಚದರಡಿ ಅಂತ ಮಾತ್ರ ನೋಡಿದ. ಇಪ್ಪತ್ತು ಮಹಡಿಯ ಹೊಸಬರಲ್ಲಿ ಮನೆಗೆ ಬರೋ ನೆಲ ಅಂಗೈಯಗಲ, ನನ್ನಂಥ ಗಿಡ್ಡರಲ್ಲಿ ಜಾಸ್ತಿ. ನನ್ನನ್ನು ಕೆಡವಿ ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡಿಕೊಂಡರೆ ಒಂದಕ್ಕೆರಡು. ಆದರೆ ಉಳಿದ ಐದು ಮನೆಯವರೂ ಸಹಿ ಹಾಕಬೇಕು. ಅವರು ಹಾಕ್ತಿಲ್ಲ.

ನಾನು: ಅದಕ್ಕೇ ಟೆರೇಸು...

ಕಟ್ಟಡ: ಸುಮ್ಮನಿರಯ್ಯಾ! ಏಳೂ ಮನೆಯ ಮೇಂಟೆನೆನ್ಸ್ ನಿಲ್ಲಿಸಿದ್ದಾನೆ. ಬೀಗ ಹಾಕಿದ ಮನೆಗೆ ಯಾಕೆ ಕಟ್ಟಲಿ ಅಂತಾನೆ. ಮನೆ ಖಾಲಿ ಬಿಟ್ಟರೂ ಸಾಮಾನ್ಯ ಖರ್ಚಿನ ಪಾಲು ತಪ್ಪಲ್ಲ ಅಂತ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಯಲ್ಲೇ ಇದೆ. ವಸೂಲು ಮಾಡೋರು ಯಾರು? ಐದು ಮನೆಯ ಪೆನ್ಷನ್‌ದಾರರು ಕೋರ್ಟು ಮೆಟ್ಟಿಲು ಹತ್ತಬೇಕಾ? ಲಿಫ್ಟ್ ರಿಪೇರಿಗೆ ದುಡ್ಡಿಲ್ಲ. ಮೂರನೇ ಮಹಡಿಯ ಅಜ್ಜಿಗೆ ಮಂಡಿನೋವು. ಮೆಡಿಕಲ್ ಸ್ಟೋರು ಎದುರಿಗೇ ಇದೆ, ಇಳಿದು ಹೋಗೋಕಾಗಲ್ಲ. ಅವನ ಬ್ರೋಕರು ಮಾತ್ರ ವಾರವಾರ ಏದುಸಿರು ಬಿಡುತ್ತಾ ಹತ್ತಿ ಬರ್ತಾನೆ. "ಎಷ್ಟೂಂತ ಕಷ್ಟಪಡ್ತೀರಜ್ಜಿ, ಮಾರಿಬಿಡಿ" ಅಂತಾನೆ. ಲಿಫ್ಟ್ ನಿಲ್ಲಿಸಿದವನೇ ಕಳಿಸಿದ ಕನಿಕರ ಅದು! ನನಗೆ ವಯಸ್ಸಾಗಿದೆ, ಸರಿ. ಆದರೆ ನಾನಾಗಿ ಬೀಳ್ತಿಲ್ಲ, ಬೀಳಿಸ್ತಿದ್ದಾರೆ.

ನಾನು: ಅಜ್ಜಿ ಏನಂತಾರೆ?

ಕಟ್ಟಡ: ಬಾಗಿಲು ತೆಗೆಯಲ್ಲ. "ಏಳು ಮನೇದೂ ಮೇಂಟೆನೆನ್ಸ್ ರಸೀದಿ ತಂದಿದ್ದೀಯೇನಪ್ಪಾ?" ಅಂತ ಒಳಗಿಂದಲೇ ಕೇಳ್ತಾರೆ.