ಎರಡು ನಿಮಿಷದ ಮಡಿ

ನಮ್ಮ ಮಾವ ಬದುಕಿದ್ದಾರೆ. ಇದು ನನಗೆ ಗೊತ್ತು, ಅತ್ತೆಗೆ ಗೊತ್ತು. ಬೆಳಗಿನ ಜಾವ ಐದಕ್ಕೆ ಎದ್ದು ಅವರು ಕಾಫಿ ಫಿಲ್ಟರ್ ಕುಟ್ಟುವ ಸದ್ದು ಗೋಡೆಯಾಚೆಗೂ ಕೇಳುವುದರಿಂದ ಬ್ರಾಂಪ್ಟನ್ನಿನ ನಮ್ಮ ಪಕ್ಕದ ಮನೆಯವರಿಗೂ ಚೆನ್ನಾಗಿ ಗೊತ್ತು. ಅನುಮಾನ ಇರುವುದು ಪಿಂಚಣಿ ಕೊಡುವವರಿಗೆ ಮಾತ್ರ, ಅದೂ ಪ್ರತಿ ನವೆಂಬರ್‌ನಲ್ಲಿ.

"ನಾನೇ ಬರೆದುಕೊಡ್ತೀನಿ ಬಿಡಮ್ಮ. ಇವರು ಇದ್ದಾರೆ ಅಂತ ನನಗಿಂತ ಚೆನ್ನಾಗಿ ಹೇಳೋರು ಯಾರಿದ್ದಾರೆ?" ಎಂದು ಅತ್ತೆ ಪ್ರತಿ ವರ್ಷವೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸರ್ಕಾರ ಹೆಂಡತಿಯ ಮಾತು ನಂಬುವುದಿಲ್ಲ.

2014ರಲ್ಲೇ ಡಿಜಿಟಲ್ 'ಜೀವನ ಪ್ರಮಾಣ' ಬಂದಿದೆ, 2021ರಿಂದ ಫೋನಿಗೆ ಮುಖ ತೋರಿಸಿಯೂ ಪ್ರಮಾಣ ಕೊಡಬಹುದು. ಮಾವ ಒಪ್ಪಬೇಕಲ್ಲ. "ಮುಖ ಯಾರು ಬೇಕಾದ್ರೂ ತೋರಿಸ್ತಾರೆ. ಕಾಗದ ಇರಬೇಕು, ಸಹಿ ಇರಬೇಕು, ಸೀಲು ಬೀಳಬೇಕು." ಟೊರೊಂಟೊದ ಭಾರತೀಯ ಕಾನ್ಸುಲೇಟ್‌ನವರು ನವೆಂಬರ್‌ನಲ್ಲಿ ಸುತ್ತಮುತ್ತಲ ದೇವಸ್ಥಾನ, ಗುರುದ್ವಾರಗಳಲ್ಲಿ ಶಿಬಿರ ಮಾಡಿ ಹಿರಿಯರಿಗೆ ಬದುಕಿರುವ ಪತ್ರ ಕೊಡುತ್ತಾರೆ. ಕಾಲಿಗೆ ಬೂಟು, ತಲೆಗೆ ಮಂಕಿಟೋಪಿ ಏರಿಸಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಹೋಗಿ ಸೀಲು ಹಾಕಿಸಿಕೊಂಡು, ಅಲ್ಲೇ ಊಟ ಮುಗಿಸಿ ಬಂದರೆ ಮಾವನಿಗೆ ಇನ್ನೊಂದು ವರ್ಷ ಚಿಂತೆಯಿಲ್ಲ. ಈ ಸಲದ ಶಿಬಿರ ಭಾನುವಾರ. ಫಾರಂ ಪ್ರಿಂಟ್ ಆಗಬೇಕಿದ್ದದ್ದು ಶನಿವಾರ.

ಶುಕ್ರವಾರ ನಮ್ಮವರು ರೂಟರ್ ಬದಲಾಯಿಸಿದ್ದರು. ಕರಾರು ಮುಗಿಯುತ್ತಿದ್ದ ಹಾಗೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ "ಬಿಟ್ಟು ಹೋಗ್ತೀನಿ" ಎಂದು ಹೆದರಿಸುವುದು ಇಲ್ಲಿ ಸಂಸಾರಸ್ಥರೆಲ್ಲರ ವ್ರತ. ನಮ್ಮವರು ಹೆದರಿಸಿದರು, ಅವರು "ಹೋಗಿ" ಎಂದರು, ಇವರು ಹೊರಟೇ ಬಿಟ್ಟರು. ಹಳೆಯ ರೂಟರನ್ನು ಡಬ್ಬಕ್ಕೆ ಹಾಕಿ ವಾಪಸ್ ಕಳಿಸಿದ್ದಾಯಿತು, ಆಯುಧಪೂಜೆಯ ಅರಿಸಿನ ಕುಂಕುಮ ಸಮೇತ, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ. ಅಲ್ಲಿ ಡಬ್ಬ ಬಿಚ್ಚಿದ ಪುಣ್ಯಾತ್ಮ ಏನೆಂದುಕೊಂಡನೋ.

ಪ್ರಿಂಟರ್ ಮಾತ್ರ ಹೊಸ ಸಂಬಂಧ ಒಪ್ಪಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡ್. ಹೊಸದನ್ನು ಹೇಳಿಕೊಡೋಣ ಎಂದರೆ ಅದಕ್ಕೊಂದು ಪರದೆಯೂ ಇಲ್ಲ, ಬರೀ ಗುಂಡಿ, ದೀಪ. ನಮ್ಮವರು ಡೌನ್‌ಟೌನಿನ ಬ್ಯಾಂಕೊಂದರಲ್ಲಿ ನೆಟ್‌ವರ್ಕ್ ವಿಭಾಗದ ದೊಡ್ಡ ಅಧಿಕಾರಿ. ಶನಿವಾರ ಬೆಳಗಿನಿಂದ ಫೋನು, ಲ್ಯಾಪ್‌ಟಾಪು, ಐಪಿ ಅಡ್ರೆಸ್ಸು ಎಂದು ಒದ್ದಾಡಿ ಮಧ್ಯಾಹ್ನದ ಹೊತ್ತಿಗೆ ತೀರ್ಪು ಕೊಟ್ಟರು: "ರೂಟರ್ 5 ಗಿಗಾಹರ್ಟ್ಸ್‌ನಲ್ಲೂ ಮಾತಾಡುತ್ತೆ, ಪ್ರಿಂಟರ್‌ಗೆ ಬರೋದು 2.4 ಒಂದೇ."

ಮಾವ ಕೇಳಿಸಿಕೊಂಡರು. ಸಕಲೇಶಪುರದ ಮಳೆಯಲ್ಲಿ ಟೆಲಿಫೋನ್ ಕಂಬ ಹತ್ತಿದ ಜೀವ ಅದು. 2000ನೇ ಇಸವಿಯ ಅಕ್ಟೋಬರ್ 1ಕ್ಕೆ ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಬಂದರೂ ಅವರ ಬಾಯಲ್ಲಿ ಇವತ್ತಿಗೂ 'ಡಿಪಾರ್ಟ್‌ಮೆಂಟು'. "ವೈರೇ ಇಲ್ಲ ಅಂದಮೇಲೆ ಫಾಲ್ಟ್ ಹುಡುಕೋದು ಎಲ್ಲಯ್ಯ? ನಾನು ಯಾವ ಕಂಬ ಹತ್ತಲಿ?" ಎಂದರು. ಪ್ರಿಂಟರಿನ ಚೌಕ ಮೂತಿಯ ಕೇಬಲ್ಲು ಮನೆಯಲ್ಲಿದ್ದರೆ ಮಾವನೇ ಗೆಲ್ಲುತ್ತಿದ್ದರು. ಅದನ್ನು ಯಾರು ಎಸೆದರು ಎಂಬ ವಿಚಾರಣೆಗೆ ಮುಕ್ಕಾಲು ಗಂಟೆ ಹೋಯಿತು. ಲೈಬ್ರರಿಗೆ ಹೋಗಿ ಪ್ರಿಂಟ್ ತರೋಣ ಎಂದ ನನ್ನನ್ನು ಮೂವರೂ ಒಗ್ಗಟ್ಟಾಗಿ ನೋಡಿದ ರೀತಿಗೆ ನಾನು ಸಾರಿಗಿಡಲು ಒಳಗೆ ಹೋದೆ.

ಕೊನೆಗೆ ಉಳಿದದ್ದು ಡಬ್ಲ್ಯುಪಿಎಸ್ ಗುಂಡಿ. ರೂಟರಿನ ಬೆನ್ನಿಗಿರುವ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ಗುಂಡಿಯನ್ನೂ ಒತ್ತಿಹಿಡಿದರೆ ಎರಡೂ ತಾವೇ ಕೈ ಕುಲುಕುತ್ತವೆ, ಪಾಸ್‌ವರ್ಡ್ ಬೇಕಿಲ್ಲ. 2006ರಲ್ಲಿ ಜನಸಾಮಾನ್ಯರಿಗೆ ಸುಲಭವಾಗಲೆಂದು ತಂದ ವ್ಯವಸ್ಥೆಯಂತೆ. ಅದನ್ನು ರೂಪಿಸಿದವರ ಪೈಕಿ ಮಡಿ ಉಡುವವರು ಯಾರೂ ಇದ್ದಿರಲಾರರು.

ಯಾಕೆಂದರೆ ನಮ್ಮ ರೂಟರ್ ಇರುವುದು ಬೇಸ್‌ಮೆಂಟಿನಲ್ಲಿ, ಫರ್ನೇಸ್ ಪಕ್ಕ. ಪ್ರಿಂಟರ್ ಇರುವುದು ಎರಡು ಮಹಡಿ ಮೇಲೆ, ದೇವರ ಮನೆಯಲ್ಲಿ. ಅದು ಮೊದಲು ನಮ್ಮವರ ಆಫೀಸ್ ಕೋಣೆ. ಸೂಪರ್ ವೀಸಾದಲ್ಲಿ ಬಂದಿಳಿದ ಅತ್ತೆ, ಒಂದೇ ಸಲಕ್ಕೆ ಐದು ವರ್ಷ ಇರಬಹುದು ಎಂದು ತಿಳಿದ ದಿನವೇ ಆ ಕೋಣೆಯ ಪೂರ್ವದ ಗೋಡೆ ಹಿಡಿದರು. ಮೇಲಿನ ಹಲಗೆಗೆ ದೇವರು ಬಂದರು, ಕೆಳಗಿನದರಲ್ಲಿದ್ದ ಪ್ರಿಂಟರ್ ಅಲ್ಲೇ ಉಳಿಯಿತು, ದೇವರ ಸಾಲಿಗೇ ಸೇರಿತು. ಸ್ನಾನ ಮಾಡದೆ ಅದನ್ನು ಮುಟ್ಟುವ ಹಾಗಿಲ್ಲ. ಶನಿವಾರ ಇಡೀ ದಿನ ನಮ್ಮವರು ಹೊಸ್ತಿಲಾಚೆ ಲ್ಯಾಪ್‌ಟಾಪ್ ಹಿಡಿದು ಅದರೊಂದಿಗೆ ದೂರದಿಂದಲೇ ವ್ಯವಹರಿಸಿದ್ದರು.

"ಗುಂಡಿ ತಾನೇ? ನಾನೇ ಒತ್ತುತೀನಿ" ಎಂದು ಅತ್ತೆ ಸ್ನಾನಕ್ಕೆ ಹೋದರು. ಕೆಳಗಿನ ಗುಂಡಿ ತನ್ನದೆಂದು ಮಾವ ಹಟ ಹಿಡಿದರು, ಎಕ್ಸ್‌ಚೇಂಜ್ ಕಡೆಯ ಕೆಲಸ ಅನುಭವಸ್ಥರಿಗೇ ಬಿಡಬೇಕಂತೆ. ನಡುವಿನ ಮೆಟ್ಟಿಲಲ್ಲಿ ಸುದ್ದಿ ದಾಟಿಸಲು ಮಗಳು ನಿಂತಳು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಅಧಿಕಾರಿಗಳು ಸೋಫಾದಲ್ಲಿ ಕೂತು ಮೇಲ್ವಿಚಾರಣೆ ಮಾಡಿದರು.

"ಒತ್ತಲಾ?" ಪಾತಾಳದಿಂದ ಮಾವ.

"ತಡೀರಿ ಮಾವ, ಸೀರೆ ಉಡ್ತಿದಾರೆ."

"ಒತ್ತಲೇನಮ್ಮಾ?"

ಮೆಟ್ಟಿಲ ಮೇಲಿದ್ದವಳಿಗೆ ಏನೂ ಕೇಳಿಸುತ್ತಿಲ್ಲ ಎಂಬುದು ಆಗ ಗೊತ್ತಾಗಿ, ಅತ್ತೆ ಒಳಗಿಂದಲೇ ಹೊಸ ಕರಾರು ಹೊರಡಿಸಿದರು: "ನಾನು ಕೂತ ಮೇಲೆ ಗಂಟೆ ಬಾರಿಸ್ತೀನಿ, ಆಗ ಒತ್ತಿ ಅನ್ನಿ ಅವರಿಗೆ."

ಗಂಟೆ ಬಾರಿಸಿತು. ಮಾವ ಒತ್ತಿದರು. ಫರ್ನೇಸ್ ಪಕ್ಕ ನಿಂತು, ತಮ್ಮ ಎಚ್‌ಎಂಟಿ ಗಡಿಯಾರ ನೋಡುತ್ತ ಗಟ್ಟಿಯಾಗಿ ಎಣಿಸತೊಡಗಿದರು. ಮೇಲೆ ಗಂಟೆ ನಿಲ್ಲಲೇ ಇಲ್ಲ. ನಾನು ಓಡಿ ಹೋಗಿ ನೋಡಿದರೆ ಅತ್ತೆ, ಒದ್ದೆ ಕೂದಲಿಗೆ ಟವಲ್ ಸುತ್ತಿ, ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಮಂಗಳಾರತಿ ಹಿಡಿದು ಕಣ್ಣು ಮುಚ್ಚಿದ್ದಾರೆ. "ಅತ್ತೆ, ಗುಂಡಿ!" ಎಂದೆ. ಕಣ್ಣು ತೆರೆಯದೆ ತಲೆಯಾಡಿಸಿ ಇನ್ನೆರಡು ಸುತ್ತು ಎತ್ತಿದರು. ಕೆಳಗೆ ಮಾವ ನೂರಾ ಹದಿನೈದಕ್ಕೆ ಬಂದಿದ್ದರು.

"ದೀಪ ಹಚ್ಚಿದ ಮೇಲೆ ಆರತಿ ಎತ್ತದೆ ಪ್ರಿಂಟರ್ ಮುಂದೆ ಕೂರೋಕಾಗುತ್ತೇನೇ?" ಎಂದು ನನ್ನನ್ನೇ ಕೇಳಿದರು. ದೀಪ ಯಾಕೆ ಹಚ್ಚಿದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ಸುತ್ತಿನಲ್ಲಿ ಅತ್ತೆ ಒತ್ತಿಯೇ ಒತ್ತಿದರು. ದೀಪ ಮಿನುಗಲಿಲ್ಲ. ನಾನು ಕೈಕಾಲು ತೊಳೆದು, ರಿಯಾಯಿತಿ ಪಡೆದು, ಬಗ್ಗಿ ನೋಡಿದೆ. ಆಯುಧಪೂಜೆಯ ದಿನ ಗುಂಡಿಯ ಮೇಲೆ ಸರಿಯಾಗಿ ಇಟ್ಟ ಗಂಧ, ಅದರ ಮೇಲಿನ ಕುಂಕುಮ, ಒಣಗಿ ಗಾರೆಯಾಗಿ ಗುಂಡಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದವು.

"ನಿಮ್ಮ ಭಕ್ತಿಯಿಂದ ನಾನು ಸತ್ತ ಲೆಕ್ಕ ಆಗ್ತೀನಿ" ಎಂದು ಮಾವ ಮೆಟ್ಟಿಲು ಹತ್ತಿ ಬಂದು ಗುಡುಗಿದರು. ಅತ್ತೆ ಮಾತಾಡಲಿಲ್ಲ. ಹೂಬತ್ತಿಗಿಟ್ಟ ಹತ್ತಿಯನ್ನು ನೀರಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವಷ್ಟು ನಿಧಾನವಾಗಿ ಗಂಧ ಬಿಡಿಸಿದರು. ಆಮೇಲೆ, "ಮಂಡಿ ನೋವು ಇಟ್ಕೊಂಡು ಎಷ್ಟು ಸಲ ಹತ್ತಿ ಇಳೀತೀರಿ? ಇವಳು ಒತ್ತಲಿ, ನೀವು ಇಲ್ಲೇ ಕೂತ್ಕೊಳಿ" ಎಂದರು. ಮಾವ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಕೂತರು.

ಈ ಸಲ ದೀಪ ಮಿನುಗಿತು, ಸ್ಥಿರವಾಯಿತು, ಪ್ರಿಂಟರ್ ಗೊರಗುಟ್ಟಿತು. ಬೆಳಗಿನಿಂದ ಮನೆಯವರೆಲ್ಲ ಸಿಟ್ಟಿನಲ್ಲಿ ಮತ್ತೆ ಮತ್ತೆ ಕಳಿಸಿದ್ದ ಫಾರಂಗಳೆಲ್ಲ ಸರದಿಯಲ್ಲಿ ಕಾದಿದ್ದವಲ್ಲ, ಒಂದೊಂದಾಗಿ ಹೊರಬಂದವು. ಮಾವ ಬದುಕಿದ್ದಾರೆ, ಮಾವ ಬದುಕಿದ್ದಾರೆ, ಮಾವ ಬದುಕಿದ್ದಾರೆ. ಟ್ರೇಯ ಕಾಗದ ಮುಗಿಯುವವರೆಗೂ ಬದುಕಿದ್ದರು.

ಗಲಾಟೆಗೆ ಹೆಡ್‌ಫೋನ್ ತೆಗೆದು ಬಂದ ಮಗಳು, "ಹೊಸ ರೂಟರ್‌ಗೆ ಹಳೇ ಹೆಸರು, ಹಳೇ ಪಾಸ್‌ವರ್ಡ್ ಇಟ್ಟಿದ್ರೆ ಅದೇ ಕನೆಕ್ಟ್ ಆಗ್ತಿತ್ತಲ್ಲ ಅಪ್ಪ" ಎಂದಳು. ಅಧಿಕಾರಿಗಳು ಕೇಳಿಸದವರಂತೆ ಕಿಟಕಿಯಾಚೆಯ ಹಿಮ ನೋಡಿದರು.

ಮಾವ ಅಷ್ಟೂ ಫಾರಂ ಜೋಡಿಸಿ ಅಂಚು ತಟ್ಟಿ ಸಮ ಮಾಡಿದರು. "ಇರಲಿ, ಮುಂದಿನ ವರ್ಷಗಳಿಗೂ ಆಯ್ತು."

ಅತ್ತೆ ಆ ಕಟ್ಟಿನ ದಪ್ಪ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ತುಂಬ ಸಂತೋಷಪಟ್ಟರು. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಪ್ರಿಂಟರಿನ ಮುಚ್ಚಳದ ಮೇಲೆಯೇ ಇಟ್ಟು, ಅದರ ಮೇಲೊಂದು ದಾಸವಾಳ ಇಟ್ಟರು. ನಾಳೆ ಮಾವನ ಪಾಸ್‌ಪೋರ್ಟಿನ ನಕಲು ತೆಗೆಯಲು ಆ ಮುಚ್ಚಳ ಎತ್ತಬೇಕೆಂದು ಅತ್ತೆಗೆ ಹೇಳುವ ಕೆಲಸವನ್ನು ನಾನು ನೆಟ್‌ವರ್ಕ್ ವಿಭಾಗಕ್ಕೆ ಬಿಟ್ಟಿದ್ದೇನೆ.