ಅಂಡಮಾನಿಗೆ ಮುಂಗಾರು, ಜತೆಗೆ ನಾವು

ಅಂಡಮಾನಿಗೆ ಯಾವ ತಿಂಗಳು ಹೋಗಬೇಕು ಎಂದು ಯಾರನ್ನೇ ಕೇಳಿ, ಜನವರಿಯಿಂದ ಏಪ್ರಿಲ್ ಒಳಗೆ ಎನ್ನುತ್ತಾರೆ. ಹಾಗೆನ್ನುವವರಿಗೆ ಮಕ್ಕಳಿರುವುದಿಲ್ಲ, ಇದ್ದರೂ ಆ ಮಕ್ಕಳಿಗೆ ಪರೀಕ್ಷೆ ಇರುವುದಿಲ್ಲ. ನಮ್ಮ ಮನೆಯಲ್ಲಿ ತಿಂಗಳು ಆರಿಸುವ ಅಧಿಕಾರ ಹವಾಮಾನ ಇಲಾಖೆಗಿಲ್ಲ. ಅಮ್ಮನ ಪಂಚಾಂಗಕ್ಕೂ ಮಗಳ ಶಾಲೆಯ ಡೈರಿಗೂ ಸಮಪಾಲು ಹಂಚಿಹೋಗಿದೆ.

ಸಂಕ್ರಾಂತಿಯವರೆಗೆ ಧನುರ್ಮಾಸ. ಬೆಳಗಿನ ಜಾವದ ಹುಗ್ಗಿ ನೈವೇದ್ಯ ಬಿಟ್ಟು ಅಮ್ಮ ಹೊಸ್ತಿಲು ದಾಟುವವಳಲ್ಲ. ಫೆಬ್ರವರಿಯಲ್ಲಿ ಅಲ್ಲಿನ ಸಮುದ್ರ ತಿಳಿಯಾಗಿ, ತಳದ ಹವಳವೂ ಕಾಣುತ್ತದಂತೆ. ನಮ್ಮಲ್ಲಿ ಆಗ ಮಗಳ ಪ್ರಿಪರೇಟರಿ. ಮಾರ್ಚಿನಲ್ಲಿ ಅವಳಿಗೆ ಎಸ್ಸೆಸ್ಸೆಲ್ಸಿ, ನನಗೆ ಆಫೀಸಿನ ವರ್ಷಾಂತ್ಯದ ಲೆಕ್ಕ. ಏಪ್ರಿಲ್ ಎಂದರೆ ವಿಮಾನದ ದರ ನೋಡಿಯೇ ಬೆವರುವ ತಿಂಗಳು. ಆಷಾಢದಲ್ಲಿ ಹೊರಡಬಾರದು, ಶ್ರಾವಣದ ತುಂಬ ಹಬ್ಬ, ಗಣಪತಿ ಬಿಟ್ಟ ಮೇಲೆ ಪಿತೃಪಕ್ಷ. ದಸರೆಗೆ ರಜೆಯೇನೋ ಉಂಟು, ಆದರೆ ಗೊಂಬೆ ಕೂರಿಸಿದ ಮನೆಗೆ ಬೀಗ ಹಾಕುತ್ತಾರೆಯೇ? ಕ್ರಿಸ್‌ಮಸ್ ರಜೆಯ ಮಾತು ಎತ್ತಿದ್ದಕ್ಕೆ ನನ್ನ ಭಾವಮೈದ 2016ರ ಡಿಸೆಂಬರ್ ಕಥೆ ತೆಗೆದ. ಆಗ ಬಿರುಗಾಳಿ ಮಳೆಗೆ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸುಮಾರು 1,400 ಪ್ರವಾಸಿಗರು ಸಿಕ್ಕಿಹಾಕಿಕೊಂಡು, ಕೊನೆಗೆ ನೌಕಾಪಡೆಯೇ ಬರಬೇಕಾಯಿತು. “ಭಾವ, ನಿಮ್ಮ ಗ್ರಹಗತಿಗೆ ಡಿಸೆಂಬರ್ ಬೇಡ” ಎಂದ.

ಉಳಿದದ್ದು ಮೇ. ಮೂರನೇ ವಾರದ ಟಿಕೆಟ್ ಅರ್ಧಕ್ಕರ್ಧ ಅಗ್ಗ. ಅಗ್ಗ ಏಕೆ ಎಂದು ಕೇಳುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ನೀಲ್ ದ್ವೀಪದಲ್ಲಿ ಭರತಪುರ, ಲಕ್ಷ್ಮಣಪುರ, ಸೀತಾಪುರ ಎಂಬ ಬೀಚುಗಳಿವೆ ಎಂದಾಗ ಅಮ್ಮನೂ ಅದನ್ನು ಕ್ಷೇತ್ರದರ್ಶನದ ಖಾತೆಗೆ ಹಾಕಿಕೊಂಡು ಒಪ್ಪಿಬಿಟ್ಟಳು.

ಪ್ರತಿ ಮೇ ತಿಂಗಳೂ ನಮ್ಮ ಪತ್ರಿಕೆಗಳಲ್ಲಿ ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಎಂಬ ಸುದ್ದಿ ಬರುತ್ತದೆ. ಜೂನ್ 1ರ ಆಸುಪಾಸಿನಲ್ಲಿ ಕೇರಳ ಮುಟ್ಟುವ ಮಳೆ, ಅದಕ್ಕೂ ಹತ್ತು ದಿನ ಮೊದಲೇ ಆ ದ್ವೀಪಗಳಿಗೆ ಇಳಿದಿರುತ್ತದೆ. ಸೆಕೆಗೆ ಅದೇ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ, ಆ ಸುದ್ದಿಯನ್ನು ವರ್ಷಾನುಗಟ್ಟಲೆ ಓದಿ ಹಿಗ್ಗಿದವನು ನಾನು. ಅದು ಪ್ರವೇಶಿಸುವಾಗ ಅಲ್ಲಿ ಯಾರಾದರೂ ಛತ್ರಿಯಿಲ್ಲದೆ ನಿಂತಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

ಹ್ಯಾವ್‌ಲಾಕ್ (2018ರಿಂದ ಅದು ಸ್ವರಾಜ್ ದ್ವೀಪ, ಆದರೆ ಆಟೋದವರಿಗೆ ಇನ್ನೂ ಹ್ಯಾವ್‌ಲಾಕೇ) ತಲುಪಿದ ನಮ್ಮ ಬ್ಯಾಗಿನಲ್ಲಿ ಸನ್‌ಸ್ಕ್ರೀನ್ ಇತ್ತು, ತಂಪು ಕನ್ನಡಕ ಇತ್ತು, ಅಗಲ ಅಂಚಿನ ಹ್ಯಾಟ್ ಇತ್ತು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಶ್ರೇಷ್ಠ ಎಂದು ಕರೆದ ರಾಧಾನಗರ ಬೀಚಿನಲ್ಲಿ ಆ ಹ್ಯಾಟಿನ ಅಂಚಿನಿಂದ ಸುತ್ತಲೂ ನೀರು ಸುರಿಯುತ್ತಿತ್ತು. ನಾನು ಒಳಗೆ ನಿಂತಿದ್ದೆ. ಬೆಳಗ್ಗೆ ಶ್ರದ್ಧೆಯಿಂದ ಹಚ್ಚಿಕೊಂಡಿದ್ದ ಸನ್‌ಸ್ಕ್ರೀನ್ ಬಿಳಿ ಗೆರೆಗಳಾಗಿ ಗದ್ದದವರೆಗೆ ಇಳಿದಿತ್ತು. ಎದುರಿಗೆ ಸಮುದ್ರ, ಅಕ್ಕಿ ತೊಳೆದ ನೀರಿನ ಬಣ್ಣ. ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಪಾದ ನೆನೆಸಲು ಹೋದದ್ದೇ ತಡ, ಕಾವಲಿನವನು ಸೀಟಿ ಊದಿದ. ಅಡಿಯಿಂದ ಮುಡಿಯವರೆಗೆ ನೆನೆದವನಿಗೆ ಪಾದ ನೆನೆಸಬೇಡ ಎನ್ನುವ ಕಾನೂನು!

“ರೀ, ಫೋಟೋದಲ್ಲಿ ಇದು ನೀಲಿ ಇತ್ತಲ್ವಾ?” ಎಂದಳು ನನ್ನಾಕೆ.

ಆಟೋದವನು ಹಿಂದಿಯಲ್ಲಿ ತಿಳಿಹೇಳಿದ. ಈ ಬೀಚು ಪಶ್ಚಿಮಕ್ಕೆ ಮುಖ ಮಾಡಿದೆ, ಮುಂಗಾರಿನ ಗಾಳಿ ನೈಋತ್ಯದಿಂದ ನೇರ ಬಂದು ಹೊಡೆಯುತ್ತದೆ. ಪೂರ್ವಕ್ಕಿರುವ ಕಾಲಾಪತ್ಥರ್ ಕಡೆ ಹೋಗಿ, ಅಲ್ಲಿ ಅಲೆ ಕಡಿಮೆ. ಈಶಾನ್ಯದ ಹಿಂಗಾರು ಬೀಸುವಾಗ ಇದು ತಿರುಗುಮುರುಗು. ನಾನು ಅನುವಾದಿಸುತ್ತಿದ್ದಂತೆ ಅಮ್ಮನ ಮುಖ ಅರಳಿತು. “ನೈಋತ್ಯ ಅಂದ್ಯಾ? ನಮ್ಮ ಸಂಪು ತೋಡುವಾಗ ಎಷ್ಟು ಬಡ್ಕೊಂಡೆ, ಆ ಮೂಲೆಯಲ್ಲಿ ನೀರು ಬೇಡ ಕಣೋ ಅಂತ!” ವಾಸ್ತುವನ್ನು ಅಲ್ಲಿಯವರೆಗೆ ನಂಬದಿದ್ದ ನಾನು ಬಾಯಿ ಮುಚ್ಚಿಕೊಂಡು ಆಟೋ ಹತ್ತಿದೆ.

ಕಾಲಾಪತ್ಥರ್‌ನಲ್ಲಿ ನಿಜವಾಗಿಯೂ ಅಲೆ ಕಡಿಮೆ ಇತ್ತು. ಬೆಳಕೂ ಇರಲಿಲ್ಲ. ಅಂಡಮಾನ್ ಎಷ್ಟೋ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಮೇ ತಿಂಗಳಲ್ಲಿ ಐದಕ್ಕೆ ಮುಂಚೆಯೇ ಹುಟ್ಟುವ ಸೂರ್ಯ ಸಂಜೆ ಐದೂವರೆ ದಾಟಿದೊಡನೆ ಮುಳುಗುತ್ತಾನೆ. ಅದರಲ್ಲೂ ಮೋಡ ಕವಿದ ದಿನ. ನಾವು ಬಿಸ್ಕತ್ತು, ಟೀ ಮುಗಿಸಿ ಆರಾಮವಾಗಿ ಹೋಗುವಷ್ಟರಲ್ಲಿ ಸಮುದ್ರವನ್ನು ಕಿವಿಯಿಂದಲೇ ನೋಡಬೇಕಾಯಿತು.

ಮಾರನೆಯ ದಿನ ನೀಲ್‌ಗೆ ಹೋಗುವ ಫೆರ್ರಿ ರದ್ದು. ಗಾಳಿ ಜೋರು, ಸಮುದ್ರಕ್ಕೆ ಇಳಿಯುವಂತಿಲ್ಲ ಎಂದರು. ಭರತ, ಲಕ್ಷ್ಮಣ, ಸೀತೆ ಯಾರೂ ದರ್ಶನ ಕೊಡಲಿಲ್ಲ. ಲಾಡ್ಜಿನ ಕೋಣೆಯಲ್ಲಿ ಕಿಟಕಿಯ ಸರಳಿಗೆ ಈಜುಡುಗೆ ಒಣಹಾಕಿ (ಅದು ಮಳೆಯಲ್ಲಿ ಬಿಟ್ಟು ಬೇರೆಲ್ಲೂ ನೆನೆದದ್ದಲ್ಲ), ಮಂಚದ ಮೇಲೆ ರಮ್ಮಿ ಆಡುತ್ತ ಕೂತೆವು. ಅಮ್ಮ ಗೆಲ್ಲುತ್ತಲೇ ಇದ್ದಳು. ನೋಡಿದರೆ ಮಂಚದ ಪೂರ್ವಾಭಿಮುಖವನ್ನು ಮೊದಲೇ ಹಿಡಿದಿದ್ದಳು.

ಅಷ್ಟರಲ್ಲಿ ಬೆಂಗಳೂರಿನಿಂದ ಪಕ್ಕದ ಮನೆಯವರ ಫೋನ್.

“ಸಾರ್, ಸಿಹಿ ಸುದ್ದಿ! ಅಂಡಮಾನ್‌ಗೆ ಮಳೆ ಬಂತಂತೆ, ಟೀವಿಯಲ್ಲಿ ತೋರಿಸ್ತಿದಾರೆ. ಇಲ್ಲಿಗೆ ಯಾವಾಗ ಬರತ್ತೋ!”

“ಅದು ಹೊರಟಿದೆ ಸಾರ್,” ಎಂದೆ, “ನಮಗೇ ಫೆರ್ರಿ ಸಿಕ್ಕಿಲ್ಲ.”